ರೇಂಜಿನಿಂದ ಬಂದ ಮೇಲೆ ಪಿಸ್ತೂಲಿನ ಶುಚಿ: ಎಣ್ಣೆ ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಶ್ನೆ: ನನ್ನ ಬಳಿ ಪರವಾನಗಿ ಇರುವ 9 ಮಿ.ಮೀ. ಸೆಮಿ-ಆಟೋಮ್ಯಾಟಿಕ್ ಪಿಸ್ತೂಲು ಇದೆ. ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಫ್ರೇಮಿನದು, ಸ್ಟ್ರೈಕರ್ ಮಾದರಿಯದು, ಅಂದರೆ ಸ್ಪ್ರಿಂಗಿನ ಬಲದಿಂದ ನೇರ ಮುಂದೆ ಚಿಮ್ಮುವ ಸ್ಟ್ರೈಕರ್ ಎಂಬ ಕಡ್ಡಿ ಗುಂಡನ್ನು ಹೊತ್ತಿಸುವಂತಹದು. ಪ್ರತಿ ಸಲ ರೇಂಜಿನಿಂದ ಬಂದ ಮೇಲೆ ಬಿಚ್ಚಿ, ಒರೆಸಿ, ಧಾರಾಳವಾಗಿ ಎಣ್ಣೆ ಹಾಕುತ್ತೇನೆ. ಆದರೂ ಈಚೆಗೆ ಕೆಲವು ಗುಂಡುಗಳು ಟ್ರಿಗರ್ ಒತ್ತಿದರೂ ಹಾರುತ್ತಿಲ್ಲ, ಕಾಡತೂಸಿನ ತಳದಲ್ಲಿ ಹೊಡೆತಕ್ಕೆ ಹೊತ್ತಿಕೊಳ್ಳುವ ಪ್ರೈಮರಿನ ಮೇಲೆ ಆಳವಿಲ್ಲದ ಗುರುತು ಮಾತ್ರ ಬೀಳುತ್ತದೆ. ಒಮ್ಮೊಮ್ಮೆ ಫ್ರೇಮಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಪೂರ್ತಿ ಮುಂದಕ್ಕೆ ಬರದೆ ಕೂದಲೆಳೆಯಷ್ಟು ಹಿಂದೆಯೇ ನಿಲ್ಲುತ್ತದೆ. ಒಬ್ಬ ಗೆಳೆಯರು ಎಣ್ಣೆ ಸಾಲದು ಎನ್ನುತ್ತಾರೆ, ಇನ್ನೊಬ್ಬರು ಹೆಚ್ಚು ಉಜ್ಜಿದರೆ ಬ್ಯಾರೆಲ್ ಹಾಳಾಗುತ್ತದೆ ಎನ್ನುತ್ತಾರೆ. ಸರಿಯಾದ ಕ್ರಮ ಯಾವುದು?

ಉತ್ತರ: ನೀವು ಬರೆದಿರುವ ಎರಡೂ ಲಕ್ಷಣಗಳನ್ನು ಒಟ್ಟಿಗಿಟ್ಟು ನೋಡಿದರೆ, ಎಣ್ಣೆ ಕಡಿಮೆಯಾಗಿದೆ ಎಂದು ನನಗೆ ಅನ್ನಿಸುವುದಿಲ್ಲ, ಹೋಗಬಾರದ ಜಾಗಕ್ಕೆ ಎಣ್ಣೆ ಹೋಗಿದೆ ಎಂಬ ಅನುಮಾನವೇ ಮೊದಲು ಬರುತ್ತದೆ. ಸ್ಟ್ರೈಕರ್ ಓಡಾಡುವ ಕೊಳವೆಯೊಳಗೆ ಎಣ್ಣೆ ಇಳಿದರೆ, ಅದು ಅಲ್ಲಿಗೆ ಬರುವ ಮಸಿಯನ್ನೂ ಕಾಡತೂಸಿನ ಹಿತ್ತಾಳೆಯಿಂದ ಹೆರೆದು ಬಂದ ಸಣ್ಣ ಚೂರುಗಳನ್ನೂ ಹಿಡಿದಿಟ್ಟುಕೊಂಡು ದಿನ ಕಳೆದಂತೆ ಗಟ್ಟಿ ಕೆಸರಾಗುತ್ತದೆ. ಸ್ಟ್ರೈಕರ್ ಆ ಕೆಸರನ್ನು ತಳ್ಳಿಕೊಂಡೇ ಮುಂದೆ ಸಾಗಬೇಕಾದ್ದರಿಂದ, ಪ್ರೈಮರನ್ನು ಮುಟ್ಟುವ ಹೊತ್ತಿಗೆ ಅದರ ಹೊಡೆತದ ಬಲ ಕುಗ್ಗಿರುತ್ತದೆ. ಸ್ಲೈಡ್ ಪೂರ್ತಿ ಮುಚ್ಚದಿರುವುದಕ್ಕೆ ಸಾಮಾನ್ಯವಾದ ಕಾರಣವೆಂದರೆ ಬ್ಯಾರೆಲ್ಲಿನ ಹಿಂತುದಿಯಲ್ಲಿ ಕಾಡತೂಸು ಕೂರುವ ಚೇಂಬರಿನಲ್ಲಿ, ಬ್ಯಾರೆಲ್ಲು ಸ್ಲೈಡಿಗೆ ಲಾಕ್ ಆಗುವ ಭಾಗದಲ್ಲಿ ಅಥವಾ ಕಾಡತೂಸನ್ನು ಹಿಡಿದು ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಅಡಿಯಲ್ಲಿ ಕೂತ ಮಸಿ. ಈ ಎರಡು ತೊಂದರೆಗಳಿಗೆ ಪರಸ್ಪರ ಸಂಬಂಧವೂ ಉಂಟು: ಸ್ಲೈಡ್ ತುಸು ಹಿಂದೆ ನಿಂತಿದ್ದಾಗ ಸ್ಟ್ರೈಕರಿನ ಬಲದ ಒಂದು ಪಾಲು ಕಾಡತೂಸನ್ನು ಮುಂದಕ್ಕೆ ದೂಡುವುದರಲ್ಲೇ ವ್ಯಯವಾಗಿ, ಪ್ರೈಮರಿನ ಮೇಲೆ ಆಳವಿಲ್ಲದ ಗುರುತು ಬೀಳಬಹುದು. ಆದ್ದರಿಂದ ನಿಮ್ಮ ಕ್ರಮದಲ್ಲಿ ಬದಲಾಗಬೇಕಾದದ್ದು ಒಂದೇ ಸಂಗತಿ. ಪಿಸ್ತೂಲನ್ನು ಮೊದಲು ಪೂರ್ತಿ ಒಣಗುವವರೆಗೆ ಒರೆಸಬೇಕು. ಎಣ್ಣೆ ಅದಾದ ಮೇಲೆ, ಲೋಹಕ್ಕೆ ಲೋಹ ಉಜ್ಜುವ ಕೆಲವೇ ಜಾಗಗಳಿಗೆ, ಹನಿ ಲೆಕ್ಕದಲ್ಲಿ ಹೋಗಬೇಕು.

ಕೆಲಸಕ್ಕೆ ಕೈ ಹಾಕುವ ಮುನ್ನ ಪಿಸ್ತೂಲು ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳುವ ಬಗ್ಗೆ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಶುಚಿ ಮಾಡುವಾಗ ಆಗುವ ಅನಾಹುತಗಳ ಬೇರು ಇಲ್ಲಿಯೇ ಇದೆ. ಪಿಸ್ತೂಲಿನ ಬಾಯಿಯನ್ನು, ಗುಂಡು ಹಾರಿದರೂ ಯಾರಿಗೂ ತಗಲದಂತಹ ದಿಕ್ಕಿಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಮೊದಲು ಮ್ಯಾಗಜೀನ್ ತೆಗೆಯಿರಿ. ಅನಂತರವೇ ಸ್ಲೈಡನ್ನು ಹಿಂದಕ್ಕೆಳೆಯಿರಿ. ಈ ಕ್ರಮ ತಿರುವುಮುರುವಾದರೆ, ಚೇಂಬರಿನಲ್ಲಿದ್ದ ಗುಂಡು ಹೊರಬಿದ್ದದ್ದನ್ನು ಕಂಡು ನೀವು ನಿಶ್ಚಿಂತರಾಗುವಷ್ಟರಲ್ಲಿ ಮ್ಯಾಗಜೀನಿನಿಂದ ಇನ್ನೊಂದು ಗುಂಡು ಚೇಂಬರಿಗೆ ಏರಿರುತ್ತದೆ. ಸ್ಲೈಡನ್ನು ಹಿಂದೆ ನಿಲ್ಲಿಸಿ, ಬೆಳಕಿಗೆ ಹಿಡಿದು ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಮ್ಯಾಗಜೀನ್ ಕೂರುವ ಗೂಡನ್ನೂ ಹಾಗೆಯೇ ಪರೀಕ್ಷಿಸಿ. ಕೆಲವು ಪಿಸ್ತೂಲುಗಳನ್ನು, ಗ್ಲಾಕ್ ಅವುಗಳಲ್ಲೊಂದು, ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕಾಗುತ್ತದೆ. ಅಂತಹ ಮಾದರಿ ನಿಮ್ಮದಾಗಿದ್ದರೆ ಟ್ರಿಗರ್ ಒತ್ತುವ ಮುನ್ನ ಮತ್ತೊಮ್ಮೆ ಕಣ್ಣು ಮತ್ತು ಬೆರಳಿನಿಂದ ಪರೀಕ್ಷಿಸದೆ ಮುಂದುವರಿಯಬೇಡಿ. ಶುಚಿ ಮಾಡುವ ಕೋಣೆಯಲ್ಲಿ ಒಂದು ಗುಂಡೂ ಇರಬಾರದು. ಮ್ಯಾಗಜೀನುಗಳನ್ನು ಖಾಲಿ ಮಾಡಿ, ಗುಂಡುಗಳನ್ನು ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ.

ಎರಡನೆಯ ಎಚ್ಚರಿಕೆ ಸೀಸದ್ದು. ಗುಂಡಿನ ತಿರುಳು ಸಾಮಾನ್ಯವಾಗಿ ಸೀಸ; ಬಹುಪಾಲು ಪ್ರೈಮರುಗಳಲ್ಲಿಯೂ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ ಇರುತ್ತದೆ. ಹೀಗಾಗಿ ಪಿಸ್ತೂಲಿನೊಳಗಿನ ಕಪ್ಪು ಮಸಿಯಲ್ಲಿ ಸೀಸದ ಧೂಳು ಬೆರೆತಿರುತ್ತದೆ, ಅದು ಬೆರಳಿನಿಂದ ಬಾಯಿಗೆ ಸುಲಭವಾಗಿ ಸೇರುತ್ತದೆ. ನೈಟ್ರೈಲ್ ಕೈಗವಸು ತೊಡಿ, ಗಾಳಿಯಾಡುವ ಜಾಗದಲ್ಲಿ ಕೂತುಕೊಳ್ಳಿ, ಊಟ ಮಾಡುವ ಅಥವಾ ಅಡುಗೆ ಮಾಡುವ ಮೇಜನ್ನು ಈ ಕೆಲಸಕ್ಕೆ ಬಳಸಬೇಡಿ, ಕೆಲಸ ಮುಗಿಯುವವರೆಗೆ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಮಸಿ ಕರಗಿಸುವ ದ್ರವಗಳಾದ ಸಾಲ್ವೆಂಟುಗಳು ಸಾಮಾನ್ಯವಾಗಿ ಬೇಗ ಹೊತ್ತಿಕೊಳ್ಳುವಂತಹವು, ಹತ್ತಿರದಲ್ಲಿ ಬೆಂಕಿ ಬೇಡ. ಬಳಸಿದ ಬಟ್ಟೆ ಚೂರುಗಳನ್ನು ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ. ಕೊನೆಗೆ ಸೋಪು ಹಾಕಿ ತಣ್ಣೀರಿನಲ್ಲಿ ಕೈಯನ್ನೂ ಮುಖವನ್ನೂ ತೊಳೆಯಿರಿ, ರೇಂಜಿಗೆ ಹಾಕಿಕೊಂಡು ಹೋಗಿದ್ದ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಬೆರೆಸದೆ ಒಗೆಯಿರಿ. ಚಿಕ್ಕ ಮಕ್ಕಳು ಅಥವಾ ಗರ್ಭಿಣಿಯರು ಇರುವ ಮನೆಯಲ್ಲಿ ಈ ಮಾತನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೂ ಹೆಚ್ಚಾಗುವುದಿಲ್ಲ.

ಇನ್ನು ಬಿಚ್ಚುವ ಕೆಲಸ. ರೇಂಜಿನ ನಂತರದ ಶುಚಿಗೆ ಸ್ಲೈಡ್, ಬ್ಯಾರೆಲ್, ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಮತ್ತು ಫ್ರೇಮ್ ಎಂದು ನಾಲ್ಕು ಭಾಗಗಳಾಗುವವರೆಗೆ ಬಿಚ್ಚಿದರೆ ಸಾಕು. ತಯಾರಕರ ಕೈಪಿಡಿ ಹೇಳಿದ ಹಂತವನ್ನು ದಾಟಿ ಟ್ರಿಗರಿನ ಒಳಭಾಗಗಳನ್ನು ಕಳಚುವ ಅಗತ್ಯವಿಲ್ಲ. ಹಾಗೆ ಕಳಚಿದ ಸಣ್ಣ ಸ್ಪ್ರಿಂಗು ಅಥವಾ ಪಿನ್ನು ತಪ್ಪಾಗಿ ಕೂತರೆ ಪಿಸ್ತೂಲು ಅಪಾಯಕಾರಿಯಾಗಬಹುದು. ರಿಕಾಯಿಲ್ ಸ್ಪ್ರಿಂಗು ಒತ್ತಡದಲ್ಲಿರುತ್ತದೆ, ಕೈ ಜಾರಿದರೆ ಮುಖಕ್ಕೇ ಹಾರುತ್ತದೆ, ಆದ್ದರಿಂದ ಕನ್ನಡಕ ಹಾಕಿಕೊಂಡೇ ಬಿಚ್ಚಿ.

ಬ್ಯಾರೆಲ್ಲಿನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಸಾಲ್ವೆಂಟಿಗೆ ಕೆಲಸ ಮಾಡಲು ಸಮಯ ಬೇಕು. ಒಂದು ಬಟ್ಟೆ ಚೂರನ್ನು ಸಾಲ್ವೆಂಟಿನಲ್ಲಿ ನೆನೆಸಿ, ರಾಡಿನ ತುದಿಗೆ ಸಿಕ್ಕಿಸಿ, ಚೇಂಬರಿನ ಕಡೆಯಿಂದ ತೂರಿಸಿ ಬಾಯಿಯ ಕಡೆಗೆ ಹೊರತೆಗೆಯಿರಿ. ಐದರಿಂದ ಹತ್ತು ನಿಮಿಷ ಹಾಗೆಯೇ ಬಿಟ್ಟು, ಅದೇ ದಿಕ್ಕಿನಿಂದ ಕಂಚಿನ ಬ್ರಷ್ಷನ್ನು ಹತ್ತು ಸಲ ಆಡಿಸಿ. ಪ್ರತಿ ಸಲವೂ ಬ್ರಷ್ಷು ಬಾಯಿಯಿಂದ ಪೂರ್ತಿ ಹೊರಬಂದ ಮೇಲೆಯೇ ಹಿಂದಕ್ಕೆಳೆಯಬೇಕು. ನಡುದಾರಿಯಲ್ಲಿ ದಿಕ್ಕು ಬದಲಿಸಿದರೆ ಅದರ ಎಳೆಗಳು ಬಾಗಿ ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಆಮೇಲೆ ಒಣ ಬಟ್ಟೆ ಚೂರುಗಳನ್ನು ಒಂದಾದ ಮೇಲೊಂದು ತೂರಿಸುತ್ತಾ ಹೋಗಿ. ಮೊದಲನೆಯದು ಕಪ್ಪಾಗಿ ಬರುತ್ತದೆ, ಮುಂದಿನವು ಬೂದು ಬಣ್ಣಕ್ಕೆ ತಿರುಗುತ್ತವೆ. ಕೊನೆಯ ಚೂರು ಹಾಲಿನಂತೆ ಬೆಳ್ಳಗೆ ಬರಲೇಬೇಕೆಂಬ ಹಟ ಬೇಡ. ತುಸು ಬೂದು ಉಳಿದರೆ ಅದರಿಂದ ಏನೂ ಕೆಡುವುದಿಲ್ಲ. ನೀಲಿ-ಹಸಿರು ಕಲೆ ಕಂಡರೆ ಅದು ತಾಮ್ರದ ಸೂಚನೆ. ಗುಂಡಿನ ಕವಚದ ತಾಮ್ರ ಬ್ಯಾರೆಲ್ಲಿಗೆ ಅಂಟಿರಬಹುದು, ಇಲ್ಲವೇ ಸಾಲ್ವೆಂಟು ನಿಮ್ಮ ಕಂಚಿನ ಬ್ರಷ್ಷನ್ನೇ ತುಸು ಕರಗಿಸಿರಬಹುದು. ತಾಮ್ರ ತೆಗೆಯಲೆಂದೇ ಮಾಡಿದ ಅಮೋನಿಯಾ ಇರುವ ಸಾಲ್ವೆಂಟುಗಳನ್ನು ಡಬ್ಬಿಯ ಮೇಲೆ ಬರೆದ ಸಮಯಕ್ಕಿಂತ ಹೆಚ್ಚು ಹೊತ್ತು ಒಳಗೆ ಬಿಡಬಾರದು. ನಿಕ್ಕಲ್ ಲೇಪನವಿರುವ ಭಾಗಗಳಿಗೆ ಅವನ್ನು ತಾಗಿಸಲೂಬಾರದು.

ಹೆಚ್ಚು ಉಜ್ಜಿದರೆ ಬ್ಯಾರೆಲ್ ಹಾಳಾಗುತ್ತದೆ ಎಂಬ ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಂಚು ಉಕ್ಕಿಗಿಂತ ಮೆತ್ತಗಿರುವುದರಿಂದ ಬ್ರಷ್ಷಿನಿಂದ ಬ್ಯಾರೆಲ್ ಸವೆಯುವ ಭಯ ಬೇಡ. ಸವೆತ ಆಗುವುದು ರಾಡಿನಿಂದ. ಅದರಲ್ಲೂ ಬಾಯಿಯ ಕಡೆಯಿಂದ ರಾಡನ್ನು ತೂರಿಸುವವರು, ಗುಂಡು ಬ್ಯಾರೆಲ್ಲನ್ನು ಬಿಟ್ಟುಹೋಗುವ ಕಟ್ಟಕಡೆಯ ಅಂಚನ್ನು ಅರಿವಿಲ್ಲದೆ ಉಜ್ಜುತ್ತಿರುತ್ತಾರೆ. ಆ ಅಂಚು ಒಂದು ಬದಿಗೆ ಸವೆದರೆ, ಗುಂಡಿನ ಹಿಂದಿನ ಅನಿಲ ಒಂದು ಕಡೆ ಮೊದಲು ನುಸುಳಿ, ಗುಂಡಿನ ಗುರಿ ಚದುರುತ್ತದೆ. ಬ್ಯಾರೆಲ್ ಕಳಚಿ ಕೈಗೆ ಬರುವ ಪಿಸ್ತೂಲಿನಲ್ಲಿ ಚೇಂಬರಿನ ಕಡೆಯಿಂದ ಹೋಗಲು ಅಡ್ಡಿಯೇ ಇಲ್ಲ. ಬ್ಯಾರೆಲ್ ಫ್ರೇಮಿಗೇ ಕೂಡಿಕೊಂಡಿರುವ ಮಾದರಿಗಳಲ್ಲಿ, ಉದಾಹರಣೆಗೆ ಸಣ್ಣ ಗುಂಡು ಬಳಸುವ ಅನೇಕ .22 ಪಿಸ್ತೂಲುಗಳಲ್ಲಿ, ಚೇಂಬರಿನಿಂದ ಎಳೆಯುವ ಹಗ್ಗದ ಬ್ರಷ್ಷು ವಾಸಿ. ಸ್ಟೀಲ್ ಬ್ರಷ್ಷು ಮಾತ್ರ ಎಲ್ಲಿಯೂ ಬೇಡ.

ಬ್ಯಾರೆಲ್ಲಿಗೆ ಕೊಡುವ ಗಮನವನ್ನು ಚೇಂಬರಿಗೂ ಕೊಡಿ ಎನ್ನುವುದು ನಿಮ್ಮ ವಿಷಯದಲ್ಲಿ ಮುಖ್ಯವಾದ ಮಾತು. ಬ್ಯಾರೆಲ್ಲಿನ ಒಳಗೆ ಸ್ವಲ್ಪ ಮಸಿ ಉಳಿದರೂ ಪಿಸ್ತೂಲು ಕೆಲಸ ಮಾಡುತ್ತದೆ, ಚೇಂಬರಿನಲ್ಲಿ ಉಳಿದರೆ ಮಾಡುವುದಿಲ್ಲ, ಏಕೆಂದರೆ ಕಾಡತೂಸು ಕೂರುವ ಜಾಗದಲ್ಲಿ ಇರುವ ತೆರವು ಬಹಳ ಕಡಿಮೆ. ಚೇಂಬರಿನ ವ್ಯಾಸ ಬ್ಯಾರೆಲ್ಲಿನ ವ್ಯಾಸಕ್ಕಿಂತ ಹೆಚ್ಚಿರುವುದರಿಂದ ಅದೇ ಬ್ರಷ್ಷು ಅಲ್ಲಿ ಸಡಿಲವಾಗುತ್ತದೆ. ಒಂದು ಅಳತೆ ದೊಡ್ಡ ಬ್ರಷ್ಷನ್ನು ತೂರಿಸಿ ತಿರುಗಿಸಿ. ಕಾಡತೂಸಿನ ಬಾಯಿಯಂಚು ಬಂದು ತಗಲುವ ಮೆಟ್ಟಿಲಿನಲ್ಲಿ ಕೂತ ಮಸಿಯ ಉಂಗುರ ನಿಮ್ಮ ಸ್ಲೈಡನ್ನು ಕೂದಲೆಳೆಯಷ್ಟು ಹಿಂದೆ ನಿಲ್ಲಿಸಲು ಸಾಕು. ಮುಂದಿನ ಸಲ ರೇಂಜಿಗೆ ಹೋದಾಗ ಒಂದು ಪರೀಕ್ಷೆ ಮಾಡಬಹುದು: ಪಿಸ್ತೂಲಿನಿಂದ ಕಳಚಿದ ಬ್ಯಾರೆಲ್ಲನ್ನು ಬಾಯಿ ಕೆಳಗಾಗಿ ಹಿಡಿದು ಚೇಂಬರಿಗೆ ಗುಂಡೊಂದನ್ನು ಬಿಟ್ಟರೆ ಅದು ಟಕ್ಕೆಂದು ಕೂರಬೇಕು, ಬ್ಯಾರೆಲ್ಲನ್ನು ತಿರುಗಿಸಿದರೆ ತನ್ನ ಭಾರಕ್ಕೇ ಜಾರಿ ಬೀಳಬೇಕು. ಇದನ್ನು ಶುಚಿ ಮಾಡುವ ಮೇಜಿನ ಮೇಲೆ ಎಂದಿಗೂ ಮಾಡಬಾರದು. ಗುಂಡು ಮ್ಯಾಗಜೀನಿನಿಂದ ಚೇಂಬರಿಗೆ ಏರುವ ಇಳಿಜಾರನ್ನು ಒರೆಸಿದರೆ ಸಾಕು. ಅದನ್ನು ಮರಳು ಕಾಗದದಿಂದ ನುಣುಪು ಮಾಡಲು ಹೋಗಬೇಡಿ, ಅದರ ಕೋನ ಬದಲಾದರೆ ಗುಂಡು ಏರುವುದೇ ಕೆಡುತ್ತದೆ.

ಸ್ಲೈಡಿನಲ್ಲಿ ಮೂರು ಜಾಗಗಳಿಗೆ ತಾಳ್ಮೆ ಬೇಕು: ಕಾಡತೂಸಿನ ತಳ ಒತ್ತಿಕೊಳ್ಳುವ ಬ್ರೀಚ್ ಮುಖ, ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಅಡಿ, ಮತ್ತು ಎರಡೂ ಬದಿಯ ಜಾಡುಗಳು. ಇಲ್ಲಿಯೇ ನಿಮ್ಮ ತೊಂದರೆ ಹುಟ್ಟಿರುವ ಸಾಧ್ಯತೆ ಹೆಚ್ಚು. ಬ್ರೀಚ್ ಮುಖದ ನಡುವಿನ ಸಣ್ಣ ತೂತು ನೇರವಾಗಿ ಸ್ಟ್ರೈಕರಿನ ಕೊಳವೆಗೆ ತೆರೆಯುತ್ತದೆ. ಸ್ಲೈಡನ್ನು ಮಲಗಿಸಿಕೊಂಡು ಅಥವಾ ಬಾಯಿ ಮೇಲಾಗಿ ಹಿಡಿದುಕೊಂಡು ಸಾಲ್ವೆಂಟು ಚಿಮುಕಿಸಿ ಉಜ್ಜಿದರೆ, ಮಸಿ ಕರಗಿದ ನೀರು ಆ ತೂತಿನಿಂದಲೇ ಒಳಗಿಳಿಯುತ್ತದೆ. ಆದ್ದರಿಂದ ಸ್ಲೈಡಿನ ಬಾಯಿ ಕೆಳಕ್ಕೂ ಹಿಂಭಾಗ ಮೇಲಕ್ಕೂ ಇರುವಂತೆ ಹಿಡಿಯಿರಿ. ಸಾಲ್ವೆಂಟನ್ನು ಸ್ಲೈಡಿನ ಮೇಲೆ ಸುರಿಯದೆ ಹಲ್ಲುಜ್ಜುವ ಬ್ರಷ್ಷಿನಂತಹ ನೈಲಾನ್ ಬ್ರಷ್ಷಿನ ತುದಿಗೆ ಮಾತ್ರ ತಾಗಿಸಿ ಉಜ್ಜಿ. ಕೊಕ್ಕೆಯ ಅಡಿಯಲ್ಲಿ ಗಟ್ಟಿಯಾದ ಮಸಿಯನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಚೂಪು ಕಡ್ಡಿಯಿಂದ ಕೆದಕಿ ತೆಗೆಯಬಹುದು; ಸೂಜಿ, ಸ್ಕ್ರೂಡ್ರೈವರ್ ಬೇಡ. ಬಳಿಕ ಒಣ ಬಟ್ಟೆಯಿಂದ ಒರೆಸಿ.

ಈಗಾಗಲೇ ಕೊಳವೆಯೊಳಗೆ ಸೇರಿರುವ ಎಣ್ಣೆಯನ್ನು ಏನು ಮಾಡುವುದು? ಸ್ಟ್ರೈಕರನ್ನು ಕಳಚುವ ವಿಧಾನ ನಿಮ್ಮ ಪಿಸ್ತೂಲಿನ ಕೈಪಿಡಿಯಲ್ಲಿ ಬಳಕೆದಾರರಿಗೆಂದು ಕೊಟ್ಟಿದ್ದರೆ ಮಾತ್ರ ನೀವೇ ಕಳಚಿ, ಸ್ಟ್ರೈಕರನ್ನೂ ಅದರ ಸ್ಪ್ರಿಂಗನ್ನೂ ಕೊಳವೆಯನ್ನೂ ಒರೆಸಿ, ಪೂರ್ತಿ ಒಣಗಿಸಿ, ಒಂದು ಹನಿ ಎಣ್ಣೆಯನ್ನೂ ಹಾಕದೆ ಜೋಡಿಸಿ. ಕೊಟ್ಟಿಲ್ಲದಿದ್ದರೆ ಅದನ್ನು ಪರವಾನಗಿ ಇರುವ ಶಸ್ತ್ರ ದುರಸ್ತಿಗಾರರಿಗೆ ಒಪ್ಪಿಸಿ. ಏರೋಸಾಲ್ ಡಬ್ಬಿಯಿಂದ ಕೊಳವೆಯೊಳಗೆ ಇನ್ನಷ್ಟು ಸಾಲ್ವೆಂಟು ಹೊಡೆದು ತೊಳೆಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದು ಕೆಸರನ್ನು ಹೊರಗೆ ತರುವುದಕ್ಕಿಂತ ಹೆಚ್ಚಾಗಿ ಸಂದುಗಳಿಗೆ ತಳ್ಳುತ್ತದೆ, ಜೊತೆಗೆ ಬ್ರೇಕ್ ಕ್ಲೀನರಿನಂತಹ ತೀಕ್ಷ್ಣ ದ್ರವಗಳು ಪಾಲಿಮರಿಗೆ ಹಾನಿ ಮಾಡಬಹುದು.

ಫ್ರೇಮನ್ನು ಒಣ ಬ್ರಷ್ಷು ಮತ್ತು ಬಟ್ಟೆಯಿಂದ ಒರೆಸಿದರೆ ಸಾಕು. ಮ್ಯಾಗಜೀನಿನ ವಿಷಯದಲ್ಲಿ ಹೇಳುವುದೂ ಅಷ್ಟೇ: ಒಳಗೆ ಧೂಳಿದ್ದರೆ ತಳ ಕಳಚಿ ಒರೆಸಿ, ಒಣದಾಗಿಯೇ ಇಡಿ. ಅದಕ್ಕೆ ಎಣ್ಣೆ ಹಚ್ಚಿದರೆ ಧೂಳು ಅಂಟಿ ಗುಂಡುಗಳು ಮೇಲೇರುವುದು ನಿಧಾನವಾಗುತ್ತದೆ, ಮೇಲಾಗಿ ತೆಳು ಎಣ್ಣೆ ಕಾಡತೂಸಿನೊಳಕ್ಕೆ ಜಿನುಗಿ ಪ್ರೈಮರನ್ನು ಕೆಡಿಸಬಹುದು. ನಿಮ್ಮ ಹಾರದ ಗುಂಡುಗಳಿಗೆ ಇದೂ ಒಂದು ಕಾರಣವಾಗಿರಬಹುದು. ಎಣ್ಣೆ ಪಸೆ ಇರುವ ಮ್ಯಾಗಜೀನಿನಲ್ಲಿ ಬಹುಕಾಲ ಇದ್ದ ಗುಂಡುಗಳನ್ನು ಬೇರೆಯಾಗಿಡಿ.

ಎಣ್ಣೆ ಎಲ್ಲಿಗೆ ಎಂಬುದನ್ನು ಪಿಸ್ತೂಲೇ ತೋರಿಸುತ್ತದೆ. ಒರೆಸಿ ಒಣಗಿಸಿದ ಭಾಗಗಳನ್ನು ಬೆಳಕಿಗೆ ಹಿಡಿದರೆ, ಬಣ್ಣ ಸವೆದು ಹೊಳೆಯುವ ಗೆರೆಗಳೂ ಪಟ್ಟಿಗಳೂ ಕಾಣುತ್ತವೆ. ಉಜ್ಜುವುದು ಅಲ್ಲಿಯೇ, ಎಣ್ಣೆ ಬೇಕಾದದ್ದೂ ಅಲ್ಲಿಗೇ. ಇಂದಿನ ಬಹುಪಾಲು 9 ಮಿ.ಮೀ. ಪಿಸ್ತೂಲುಗಳು, 1911ರ ಮಾದರಿಯ ಮೂಲಕ ಹೆಸರಾದ ಜಾನ್ ಬ್ರೌನಿಂಗ್ ರೂಪಿಸಿದ ತತ್ತ್ವದ ಮೇಲೆ ನಡೆಯುತ್ತವೆ: ಗುಂಡು ಹಾರಿದಾಗ ಬ್ಯಾರೆಲ್ಲು ಸ್ಲೈಡಿನ ಜೊತೆ ತುಸು ದೂರ ಹಿಂದೆ ಸರಿದು, ಹಿಂಭಾಗ ಕೆಳಕ್ಕೆ ವಾಲಿ, ಬೀಗದಿಂದ ಬಿಡಿಸಿಕೊಳ್ಳುತ್ತದೆ. ಈ ಚಲನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಜಾಗಗಳು ತಾವಾಗಿಯೇ ಹೊಳೆಯುತ್ತವೆ. ಬ್ಯಾರೆಲ್ಲಿನ ಹೊರಮೈ ಸ್ಲೈಡಿನ ಬಾಯಿಯೊಳಗೆ ಜಾರುವಲ್ಲಿ ಒಂದು ಹನಿ ಹಾಕಿ ಬೆರಳಿನಿಂದ ಸುತ್ತ ಸವರಿ. ಚೇಂಬರಿನ ಮೇಲ್ಭಾಗ ಸ್ಲೈಡಿನ ಕಿಟಕಿಗೆ ಲಾಕ್ ಆಗುವಲ್ಲಿ ತೆಳುವಾಗಿ ಹಚ್ಚಿ. ಬ್ಯಾರೆಲ್ಲಿನ ಕೆಳಗೆ, ಅದನ್ನು ವಾಲಿಸುವ ಗಟ್ಟಿ ಚಾಚಿಗೆ ಒಂದು ಹನಿ. ಸ್ಲೈಡಿನ ಜಾಡುಗಳಿಗೆ ಒಂದೊಂದು ಹನಿ. ಟ್ರಿಗರಿಗೆ ಕೂಡಿಕೊಂಡ ಲೋಹದ ತೋಳು (ಟ್ರಿಗರ್ ಬಾರ್) ಫ್ರೇಮಿನ ಹಿಂಭಾಗದ ಲೋಹದ ಪಟ್ಟಿಗೆ ತಗಲುವಲ್ಲಿ ಕಡ್ಡಿಯ ತುದಿಯಿಂದ ಒಂದು ಚಿಕ್ಕ ಹನಿ. ಪಾಲಿಮರ್ ಫ್ರೇಮಿನಲ್ಲಿ ಸ್ಲೈಡ್ ಕೂರುವುದು ಸಾಮಾನ್ಯವಾಗಿ ನಾಲ್ಕು ಗಿಡ್ಡ ಉಕ್ಕಿನ ತುಣುಕುಗಳ ಮೇಲೆ ಮಾತ್ರವಾದ್ದರಿಂದ ಉಜ್ಜುವ ವಿಸ್ತಾರವೇ ಕಡಿಮೆ. ಉದ್ದಕ್ಕೂ ಉಕ್ಕಿನ ಜಾಡಿರುವ ಹಳೆಯ ಮಾದರಿಗಳು, ವಿಶೇಷವಾಗಿ 1911ರ ಬಗೆಯವು, ಇದಕ್ಕಿಂತ ಹೆಚ್ಚು ಎಣ್ಣೆ ಬೇಡುತ್ತವೆ. ಅಂತಹ ಪಿಸ್ತೂಲು ಇರುವವರ ಮಾತನ್ನು ನಿಮ್ಮದಕ್ಕೆ ಹಾಗೆಯೇ ಅನ್ವಯಿಸಿಕೊಳ್ಳಬೇಡಿ. ಜೋಡಿಸಿ ಸ್ಲೈಡನ್ನು ಐದಾರು ಸಲ ಹಿಂದೆ ಮುಂದೆ ಆಡಿಸಿದ ಮೇಲೆ ಸಂದುಗಳಿಂದ ಎಣ್ಣೆ ಜಿನುಗಿದರೆ ಅದು ಹೆಚ್ಚಾಗಿದೆ, ಒರೆಸಿ ತೆಗೆಯಿರಿ. ಬ್ರೀಚ್ ಮುಖ, ಚೇಂಬರು, ಇಳಿಜಾರು, ಸ್ಟ್ರೈಕರಿನ ಕೊಳವೆ ಇವು ಒಣದಾಗಿರಬೇಕು. ಬಹುದಿನ ಎತ್ತಿಡುವುದಾದರೆ ಬ್ಯಾರೆಲ್ಲಿನ ಒಳಗೆ ತೆಳುವಾದ ಪಸೆ ಇರಲಿ, ಆದರೆ ಮತ್ತೆ ಗುಂಡು ಹಾರಿಸುವ ಮುನ್ನ ಅದನ್ನು ಒಣ ಬಟ್ಟೆಯಿಂದ ಒರೆಸಲೇಬೇಕು.

ಯಾವ ಎಣ್ಣೆ ಎಂಬುದರ ಮೇಲೆ ನಡೆಯುವಷ್ಟು ವಾದ ಎಷ್ಟು ಎಣ್ಣೆ ಎಂಬುದರ ಮೇಲೆ ನಡೆಯುವುದಿಲ್ಲ, ನಡೆಯಬೇಕಾದದ್ದು ಎರಡನೆಯದರ ಮೇಲೆ. ಬಂದೂಕಿಗೆಂದು ಮಾಡಿದ ಯಾವ ಒಳ್ಳೆಯ ಎಣ್ಣೆಯಾದರೂ ಸರಿ. ಸೆಖೆಯಲ್ಲಿ ತೆಳು ಎಣ್ಣೆ ಬೇಗ ಹರಿದುಹೋಗುವುದರಿಂದ ಜಾಡುಗಳಿಗೆ ಚೂರು ಗ್ರೀಸ್ ಸವರಬಹುದು. ಕೊರೆಯುವ ಚಳಿಯಲ್ಲಿ ಗ್ರೀಸ್ ಗಟ್ಟಿಯಾಗಿ ಸ್ಲೈಡನ್ನು ನಿಧಾನಗೊಳಿಸುವುದರಿಂದ ಆಗ ತೆಳು ಎಣ್ಣೆಯೇ ವಾಸಿ. ಡಬ್ಲ್ಯೂಡಿ-40 ಎಂಬುದು 1953ರಲ್ಲಿ ಲೋಹದ ಮೇಲಿನ ನೀರಿನ ಅಂಶವನ್ನು ಸರಿಸಲೆಂದು ಮಾಡಿದ ದ್ರವ. ನೆಂದ ಪಿಸ್ತೂಲನ್ನು ಒರೆಸಲು ಅದು ನೆರವಾಗಬಹುದು, ಆದರೆ ಜಾಡುಗಳಲ್ಲಿ ನಿಂತು ಬಾಳುವ ಎಣ್ಣೆ ಅದಲ್ಲ. ಅಡುಗೆಗೆ ಬಳಸುವ ಸಸ್ಯಜನ್ಯ ಎಣ್ಣೆಗಳು ಗಾಳಿಗೆ ಅಂಟಾಗಿ ಗಟ್ಟಿಯಾಗುವುದರಿಂದ ಅವನ್ನು ಪಿಸ್ತೂಲಿನ ಹತ್ತಿರ ತರಬೇಡಿ.

ಹಳೆಯ ಸೇನಾ ದಾಸ್ತಾನಿನ ಗುಂಡುಗಳನ್ನು ಬಳಸುವವರಿಗೆ ಒಂದು ಮಾತು ಸೇರಿಸುತ್ತೇನೆ. ಅವುಗಳಲ್ಲಿ ಕೆಲವದರ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದ ಮೇಲೆ ಉಳಿಯುವ ಲವಣ ಗಾಳಿಯ ತೇವವನ್ನು ಹೀರಿಕೊಂಡು ಬಹಳ ಬೇಗ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಅಂತಹ ಗುಂಡು ಹಾರಿಸಿದ ದಿನವೇ ಬ್ಯಾರೆಲ್ಲನ್ನು ಸೋಪು ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಂದಿನ ಶುಚಿ ಮಾಡಬೇಕು.

ಜೋಡಿಸುವ ಮುನ್ನ ಭಾಗಗಳನ್ನು ಒಮ್ಮೆ ಪರೀಕ್ಷಕರ ಕಣ್ಣಿನಿಂದ ನೋಡಿ. ಬ್ಯಾರೆಲ್ಲಿನಲ್ಲಿ ಬೆಳಕು ಹಾಯಿಸಿದಾಗ ಉಂಗುರದಂತಹ ನೆರಳು ಕಂಡರೆ ಅಲ್ಲಿ ಲೋಹ ಉಬ್ಬಿದೆ ಎಂದರ್ಥ; ಆ ಬ್ಯಾರೆಲ್ಲನ್ನು ಮತ್ತೆ ಬಳಸಬಾರದು. ಕೊಕ್ಕೆಯ ತುದಿ ಮುರಿದಿದೆಯೇ, ರಿಕಾಯಿಲ್ ಸ್ಪ್ರಿಂಗ್ ತಯಾರಕರು ಹೇಳಿದ ಆಯುಸ್ಸನ್ನು ದಾಟಿದೆಯೇ ಎಂಬುದನ್ನೂ ಗಮನಿಸಿ. ಸ್ಲೈಡನ್ನು ಮುಂದಕ್ಕೆ ತಂದು ಮುಚ್ಚುವುದು ಆ ಸ್ಪ್ರಿಂಗೇ ಆದ್ದರಿಂದ, ಅದು ಸೋತಿದ್ದರೆ ನಿಮ್ಮ ಎರಡನೆಯ ತೊಂದರೆ ಎಷ್ಟು ಶುಚಿ ಮಾಡಿದರೂ ಹೋಗದು. ಎಷ್ಟು ಗುಂಡು ಹಾರಿಸಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ. ಜೋಡಿಸಿದ ನಂತರ, ಖಾಲಿ ಇರುವುದನ್ನು ಮತ್ತೆ ಖಚಿತಪಡಿಸಿಕೊಂಡು, ಸುರಕ್ಷಿತ ದಿಕ್ಕಿಗೆ ಹಿಡಿದು ಸ್ಲೈಡನ್ನು ಹಿಂದಕ್ಕೆಳೆದು ಮುಂದಕ್ಕೆ ಬಿಡಿ, ಟ್ರಿಗರ್ ಒತ್ತಿ. ಟಕ್ಕೆಂಬ ಸದ್ದು ಬರಬೇಕು. ಟ್ರಿಗರನ್ನು ಬಿಡದೆ ಹಾಗೆಯೇ ಹಿಡಿದು ಸ್ಲೈಡನ್ನು ಮತ್ತೊಮ್ಮೆ ಎಳೆದುಬಿಟ್ಟು, ಟ್ರಿಗರನ್ನು ನಿಧಾನವಾಗಿ ಮುಂದೆ ಬಿಟ್ಟಾಗ ಅದು ಮರಳಿ ಕೂರುವುದು ಬೆರಳಿಗೆ ತಿಳಿಯಬೇಕು. ಖಾಲಿ ಮ್ಯಾಗಜೀನ್ ಹಾಕಿ ಎಳೆದರೆ ಸ್ಲೈಡ್ ಹಿಂದೆಯೇ ನಿಲ್ಲಬೇಕು. ಅನೇಕ .22 ಪಿಸ್ತೂಲುಗಳಲ್ಲಿ ಖಾಲಿ ಟ್ರಿಗರ್ ಒತ್ತಿದರೆ ಫೈರಿಂಗ್ ಪಿನ್ನು ಚೇಂಬರಿನ ಅಂಚಿಗೆ ಬಡಿಯುವುದರಿಂದ, ಅವುಗಳಲ್ಲಿ ಈ ಪರೀಕ್ಷೆಯನ್ನು ಕೈಪಿಡಿ ಒಪ್ಪಿದರೆ ಮಾತ್ರ ಮಾಡಿ. ಬೆರಳಿನ ಬೆವರಿನ ಉಪ್ಪು ತುಕ್ಕು ಹಿಡಿಸುವುದರಿಂದ ಹೊರಮೈಯನ್ನು ಎಣ್ಣೆ ಪಸೆಯ ಬಟ್ಟೆಯಿಂದ ಒರೆಸಿ, ಬೀಗವಿರುವ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಚರ್ಮದ ಹೋಲ್ಸ್ಟರಿನಲ್ಲಿಟ್ಟು ಎತ್ತಿಡಬೇಡಿ, ಚರ್ಮ ತೇವವನ್ನು ಹಿಡಿದಿಡುತ್ತದೆ.

ಮುಂದಿನ ಅಭ್ಯಾಸದಲ್ಲಿ ಮ್ಯಾಗಜೀನುಗಳಿಗೆ ಗುರುತು ಹಾಕಿ, ಎರಡು ಬೇರೆ ಬೇರೆ ತಯಾರಿಕೆಯ ಗುಂಡುಗಳನ್ನು ತೆಗೆದುಕೊಂಡು ಹೋಗಿ. ಗುಂಡು ಹಾರದಿದ್ದರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಿರಿ, ಏಕೆಂದರೆ ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಅನಂತರ ಮ್ಯಾಗಜೀನ್ ತೆಗೆದು, ಗುಂಡನ್ನು ಹೊರಹಾಕಿ, ರೇಂಜಿನ ಅಧಿಕಾರಿಗೆ ಒಪ್ಪಿಸಿ. ಎಂದಾದರೂ ಸದ್ದು ಕ್ಷೀಣವಾಗಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಬ್ಯಾರೆಲ್ಲಿನಲ್ಲಿ ಗುಂಡು ಸಿಕ್ಕಿಕೊಂಡಿಲ್ಲವೆಂದು ತಿಳಿಯುವವರೆಗೆ ಮುಂದಿನದನ್ನು ಹಾರಿಸಬೇಡಿ. ಆಳವಿಲ್ಲದ ಗುರುತು ಒಂದೇ ತಯಾರಿಕೆಯ ಗುಂಡುಗಳಲ್ಲಿ ಕಂಡರೆ ದೋಷ ಆ ಪ್ರೈಮರುಗಳದ್ದಿರಬಹುದು. ಕೊಳವೆ ಒಣಗಿಸಿದ ಮೇಲೂ ಎರಡೂ ಬಗೆಯ ಗುಂಡುಗಳಲ್ಲಿ ಅದೇ ಗುರುತು ಮರುಕಳಿಸಿದರೆ ಸ್ಟ್ರೈಕರಿನ ಸ್ಪ್ರಿಂಗ್ ಸೋತಿರಬಹುದು ಅಥವಾ ಸ್ಟ್ರೈಕರಿನ ತುದಿ ಸವೆದಿರಬಹುದು. ಆಗ ಹಾರದ ಕಾಡತೂಸುಗಳ ಪ್ರೈಮರಿನ ಚಿತ್ರ ಮತ್ತು ನಿಮ್ಮ ಗುಂಡಿನ ಲೆಕ್ಕದ ಪುಸ್ತಕದೊಡನೆ ಪಿಸ್ತೂಲನ್ನು ದುರಸ್ತಿಗಾರರಿಗೆ ತೋರಿಸಿ.